ಶೆಡ್ಡಿನಡಿ ಹೂತ ಕಡ್ಡಿ

ಪಾರ್ಕಿಗೆ ಬರುವ ಮಕ್ಕಳೆಲ್ಲ ಅವನನ್ನು ನಲ್ಲಿ ಮಾಮ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷಗಳಿಂದ ಬೆಳಗ್ಗೆ ಐದಕ್ಕೆ ವಾಲ್ವ್ ತಿರುಗಿಸಿ ಏಳಕ್ಕೆ ಮುಚ್ಚುವುದು ಅವನ ಕೆಲಸ. ಮಳೆ ಸುರಿದ ಮಾರನೆಯ ದಿನವೂ ನೀರು ಬಿಡುತ್ತಿದ್ದ. ಯಾರಾದರೂ ಕೇಳಿದರೆ, "ಮಳೆ ಅದರ ಪಾಡಿಗೆ ಬರುತ್ತೆ, ನನ್ನ ಕೆಲಸ ನನಗೆ" ಎನ್ನುತ್ತಿದ್ದ. ಹುಲ್ಲಿನ ಮೇಲೆ ಕಾಲಿಟ್ಟವರಿಗೆ ಬೀಳುತ್ತಿದ್ದ ಬೈಗುಳ ಅವನ ಮನೆಯೊಳಗೆ ಚಪ್ಪಲಿ ಮೆಟ್ಟಿ ಬಂದವರಿಗೂ ಬಿದ್ದಿರಲಾರದು.

ಇಂಥವನ ಪಾರ್ಕಿಗೆ ನಗರಸಭೆಯ ಇಂಜಿನಿಯರಮ್ಮ ನೀರು ಉಳಿಸಲೆಂದು ಒಂದು ಪೆಟ್ಟಿಗೆ ತಂದು ಗೋಡೆಗೆ ಕೂರಿಸಿದಳು. ಪೆಟ್ಟಿಗೆಗೊಂದು ಉದ್ದನೆಯ ವೈರು, ವೈರಿನ ತುದಿಯಲ್ಲಿ ಗೇಣುದ್ದದ ಕಡ್ಡಿ. ಕಡ್ಡಿಯನ್ನು ಹುಲ್ಲಿನ ನಡುವೆ ಹೂತು ಅವಳು ಹೇಳಿದಳು: "ಮಾಮ, ಮಣ್ಣು ಒಣಗಿದೆ ಅಂತ ಈ ಕಡ್ಡಿ ಹೇಳಿದ್ರೆ ಮಾತ್ರ ಪೆಟ್ಟಿಗೆ ನೀರು ಬಿಡುತ್ತೆ. ಇನ್ಮೇಲೆ ನೀವು ವಾಲ್ವ್ ಮುಟ್ಟೋದೇ ಬೇಡ."

ಮಣ್ಣು ಇನ್ನೂ ಹಸಿಯಾಗಿತ್ತು; ಮೂರು ದಿನ ಪೆಟ್ಟಿಗೆ ಹನಿ ನೀರೂ ಬಿಡಲಿಲ್ಲ. ವಾಕಿಂಗಿಗೆ ಬರುವ ಗುಂಪಿಗೆ ಅಷ್ಟೇ ಸಾಕಾಯಿತು. "ಏನ್ ಮಾಮ, ಈ ತಿಂಗಳ ಸಂಬಳ ನಿಮಗೋ ಪೆಟ್ಟಿಗೆಗೋ?" ಎಂದು ಕಿಚಾಯಿಸಿದರು. ಮಾಮ ನಕ್ಕ. ಆದರೆ ಆ ಮಾತು ಒಳಗೆ ಹೋಗಿ ನಾಟಿಕೊಂಡಿತು. ನಾಲ್ಕನೆಯ ದಿನ ಕಡ್ಡಿಯನ್ನು ಕಿತ್ತು, ಜನ ಮಳೆಗೆ ನಿಲ್ಲುವ ಶೆಡ್ಡಿನ ಬೆಂಚಿನಡಿ ಹೂತುಬಿಟ್ಟ. ಅಲ್ಲಿಗೆ ಮಳೆಯೂ ಬೀಳದು, ಪೈಪಿನ ನೀರೂ ಹಾರದು. ಮಣ್ಣು ಬೂದಿಯ ಹಾಗೆ ಒಣಗಿತ್ತು. ನೀರು ಪೋಲು ಮಾಡುವ ಪೆಟ್ಟಿಗೆಯನ್ನು ಅವರೇ ಕಿತ್ತೊಯ್ಯುತ್ತಾರೆ ಎಂಬುದು ಅವನ ಲೆಕ್ಕ.

ಬೆಳಗ್ಗೆ ಐದಕ್ಕೂ ಸಂಜೆ ಐದಕ್ಕೂ ಮಣ್ಣು ನೋಡುವ ಪೆಟ್ಟಿಗೆ ಅಂದಿನಿಂದ ದಿನವೂ ಎರಡು ಸಲ ನೀರು ಬಿಡತೊಡಗಿತು. ಹುಲ್ಲು ಮಿಂಚಿತು. ಮಾಮ ಮೀಸೆ ತಿರುವಿದ.

ತಿಂಗಳಾಗುವಷ್ಟರಲ್ಲಿ ಇಂಜಿನಿಯರಮ್ಮ ಸೊರಗಿದ ಮುಖ ಹೊತ್ತು ಬಂದಳು. ನೀರು ಉಳಿಸಬೇಕಾದ ಪೆಟ್ಟಿಗೆ ಮೊದಲಿಗಿಂತ ಹೆಚ್ಚು ಕುಡಿದಿತ್ತು. ಪೆಟ್ಟಿಗೆ ಬಿಚ್ಚಿದಳು, ಒಳಗಿನ ವೈರುಗಳ ಗಂಟುಗಳನ್ನು ಒಂದೊಂದಾಗಿ ನೋಡಿದಳು.

"ಕಡ್ಡಿ ಅಲ್ಲೇ ಇದೆಯಲ್ವಾ, ಮಾಮ?"

"ಅಲ್ಲೇ ಇದೆಯಮ್ಮಾ. ದಿನಾ ನೋಡ್ತೀನಲ್ಲ" ಎಂದ ಮಾಮ.

ಅವಳು ನಂಬಿದಳು. ಹೋಗಿ ನೋಡಲೂ ಇಲ್ಲ. ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಮೊದಲು ಅವನ ಕೈಗೆ ಕೊಟ್ಟಳು. "ಈ ವಾರದೊಳಗೆ ಕಾರಣ ಹೇಳದಿದ್ರೆ ಪೆಟ್ಟಿಗೆ ಜೊತೆ ನನ್ನನ್ನೂ ಕಿತ್ತು ಹಾಕ್ತಾರೆ ಮಾಮ" ಎಂದಳು. ಮಾಮ ಚಹಾ ಕುಡಿಯದೆ ಪಕ್ಕಕ್ಕಿಟ್ಟ.

ಅವಳು ತೊಡೆಯ ಮೇಲೆ ಪೈಪುಗಳ ನಕ್ಷೆ ಹರಡಿಕೊಂಡು ಬೆರಳಿನಿಂದ ಒಂದು ಗೆರೆ ಹಿಡಿದು ಹೋದಳು. "ನೋಡಿ, ಈ ಪಾರ್ಕಿಗೂ ಕೆಳಗಿನ ಬೀದಿಗೂ ಒಂದೇ ಪೈಪು. ಇಲ್ಲಿ ನೀರು ಬಿಟ್ಟಾಗಲೆಲ್ಲ ಅಲ್ಲಿ ನಲ್ಲೀಲಿ ದಾರದಷ್ಟೇ ಬರುತ್ತೆ. ಪಾಪ, ಹೆಂಗಸರು ಬೆಳಗ್ಗೆ ಐದಕ್ಕೇ ಬಂದು ಕಾಯ್ತಾರಂತೆ."

ಕೆಳಗಿನ ಬೀದಿಯಲ್ಲೇ ಮಾಮನ ಮನೆ. ಕಾಯುವ ಹೆಂಗಸರಲ್ಲಿ ಅವನ ಹೆಂಡತಿಯೂ ಒಬ್ಬಳು. ನಾಲ್ಕು ಕೊಡ ತುಂಬಲು ಎರಡು ಗಂಟೆ ನಿಂತು, ಸೊಂಟ ಹಿಡಿದುಕೊಂಡು ಬಂದು ದಿನವೂ ಶಾಪ ಹಾಕುತ್ತಿದ್ದಳು: "ಯಾವ ಪಾಪಿ ನಮ್ಮ ನೀರೆಲ್ಲ ಕುಡೀತಾನೋ!" ಮಾಮನೂ ದನಿಗೂಡಿಸಿ ಆ ಪಾಪಿಯನ್ನು ಮನಸಾರೆ ಬೈದಿದ್ದ. ಒಂದು ದಿನವಲ್ಲ, ಇಪ್ಪತ್ತಾರು ವರ್ಷ.

ಪೆಟ್ಟಿಗೆ ನೀರು ಬಿಡದ ಆ ಮೂರು ದಿನ ಹೆಂಡತಿ ಬೇಗ ಮರಳಿದ್ದು ಅವನಿಗೆ ಈಗ ನೆನಪಾಯಿತು; ಆಗ ಕಡ್ಡಿಯ ಯೋಚನೆಯಲ್ಲಿ ಅವಳ ಮುಖವನ್ನೂ ನೋಡಿರಲಿಲ್ಲ. ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು.

"ಅಮ್ಮಾ, ಕಡ್ಡಿ ಅಲ್ಲಿಲ್ಲ" ಎಂದ. "ನಾನೇ ಕಿತ್ತೆ. ನಿಮ್ಮ ಪೆಟ್ಟಿಗೇದು ಏನೂ ತಪ್ಪಿಲ್ಲ."

ಶೆಡ್ಡಿನ ಬೆಂಚಿನಡಿ ಅವನೇ ಅಗೆದು ತೋರಿಸಿದ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗನ್ನಿಸಿತು. ಕಡ್ಡಿಗೆ ಮೆತ್ತಿದ್ದ ಧೂಳನ್ನು ಒರೆಸುತ್ತ ಕೇಳಿದಳು, "ಇದನ್ನ ನಾಳೆ ಆಫೀಸಲ್ಲಿ ಎಲ್ಲರ ಮುಂದೆ ಹೇಳ್ತೀರಾ?"

ಹೇಳಿದ. ಮೇಲಧಿಕಾರಿ ಮೇಜು ಗುದ್ದಿದರೂ ತಲೆ ತಗ್ಗಿಸಿ ಪೂರ್ತಿ ಹೇಳಿದ. ಹದಿನೈದು ದಿನ ಕೆಲಸಕ್ಕೆ ಬರಬೇಡ ಎಂದರು. ಇಂಜಿನಿಯರಮ್ಮನ ಕೆಲಸ ಉಳಿಯಿತು. ಕಡ್ಡಿ ಹುಲ್ಲಿನ ನಡುವೆ ಮರಳಿ ಕೂತಿತು. ಆಮೇಲೆಯೂ ಅವಳು ಮಾಮ ಎಂದೇ ಕರೆದಳು, ಚಹಾ ಮಾತ್ರ ಮತ್ತೆಂದೂ ಕೊಡಲಿಲ್ಲ.

ಕೆಲಸವಿಲ್ಲದ ಮೊದಲ ಬೆಳಗ್ಗೆ ಮಾಮ ಮನೆಯಲ್ಲೇ ಕೂತಿದ್ದ. ಮೈ ಸರಿಯಿಲ್ಲ ಎಂದು ಹೆಂಡತಿಗೆ ಸುಳ್ಳು ಹೇಳಿದ್ದ. ಐದಕ್ಕೆ ಕೊಡ ಹಿಡಿದು ಹೋದವಳು ಐದೂಕಾಲಿಗೆಲ್ಲ ನಾಲ್ಕನ್ನೂ ತುಂಬಿಸಿ ತಂದು ಇಳಿಸಿದಳು. ಅವಳ ಮುಖದಲ್ಲಿ ಇಷ್ಟು ಹಿಗ್ಗನ್ನು ಅವನು ನೋಡಿ ವರ್ಷಗಳಾಗಿದ್ದವು.

"ಎಷ್ಟು ಜೋರಾಗಿ ಬಂತು ಗೊತ್ತಾ ರೀ! ಆ ಪಾಪಿ ಸತ್ತನೋ ಏನೋ."

ಮಾಮ ತುಂಬಿದ ಕೊಡಗಳನ್ನೇ ನೋಡುತ್ತಿದ್ದ.

"ಸತ್ತಿಲ್ಲ ಕಣೇ" ಎಂದ. "ಇಲ್ಲೇ ಕೂತಿದ್ದಾನೆ."