ಕಡತದಲ್ಲಿ ಇಲ್ಲದ ಮಾತು

ಆಗೆಲ್ಲ ಕಾಗದವೆಂದರೆ ದುಬಾರಿ. ಏನು ಬರೆಯುವುದಿದ್ದರೂ ಮೊದಲು ಕಡತದ ಮೇಲೆ ಬಳಪದಲ್ಲಿ ಬರೆದು, ತಿದ್ದಿ, ಆಮೇಲೆ ಕಾಗದಕ್ಕೆ ಇಳಿಸುತ್ತಿದ್ದೆವು. ಕಡತವೆಂದರೆ ಹುಣಿಸೆಬೀಜದ ಸರಿ, ಇದ್ದಿಲು ಬಳಿದು ಒಣಗಿಸಿದ ಕಪ್ಪು ಬಟ್ಟೆ. ಒದ್ದೆ ಕೈಯಿಂದ ಒರೆಸಿದರೆ ಬರೆದದ್ದು ಅಳಿಸಿಹೋಗುತ್ತಿತ್ತು. ಆ ಹುಳಿವಾಸನೆ ಮಾತ್ರ ಬೆರಳಿನಲ್ಲಿ ಉಳಿಯುತ್ತಿತ್ತು. ಕಳಲೆಯಲ್ಲಿ ಶ್ಯಾನುಭೋಗರಾಗಿದ್ದ ತಾತನ ಕಣ್ಣಿಗೆ ಪೊರೆ ಬಂದ ಮೇಲೆ ಅವರ ಬರವಣಿಗೆಯೆಲ್ಲ ಹತ್ತು ವರ್ಷದ ನನ್ನ ಪಾಲಿಗೆ ಬಂತು. ಹೆಣ್ಣುಮಗುವಿಗೆ ಇದೆಲ್ಲ ಯಾಕೆ ಎಂದು ಅಜ್ಜಿ ಗೊಣಗುತ್ತಿದ್ದರು. ನನಗಂತೂ ಜಂಬ ಇಷ್ಟಿಷ್ಟಲ್ಲ.

ಅದು ಅವರೆಕಾಯಿ ಕಾಲ. ಒಕ್ಕಲಿನ ಪುಟ್ಟಮ್ಮ ಸೆರಗಿನಲ್ಲಿ ಅವರೆಕಾಯಿ ಕಟ್ಟಿಕೊಂಡು ಬಂದು ಜಗುಲಿಯ ಕೆಳಗೆ ಕೂತಳು. ಮೂಗೂರಿಗೆ ಕೊಟ್ಟ ಮಗಳು ತುಂಬು ಬಸುರಿ. ಸುಗ್ಗಿ ಮುಗಿಯದೆ ಕಳಿಸುವುದಿಲ್ಲವೆಂದು ಬೀಗರು ಹಟ ಹಿಡಿದಿದ್ದರು.

ಅವರಿಗೆ ಕಾಗದ ಬರೆಸಲು ಬಂದಿದ್ದಳು. ನಾನು ಕಡತದ ಮೇಲೆ ಬರೆದೆ: 'ಮಗಳ ವಿಷಯದಲ್ಲಿ ಅತೀವ ಚಿಂತಾಕ್ರಾಂತಳಾಗಿದ್ದೇನೆ.'

ಓದಿಸಿ ಕೇಳಿದ ತಾತ, "ಈ ಮಾತು ಯಾರದು? ಪುಟ್ಟಮ್ಮನದಲ್ಲ, ಒರೆಸು" ಎಂದರು. ಅವಳ ಕಡೆ ತಿರುಗಿ, "ನಿಂಗೇನು ಭಯ, ಅದು ಹೇಳು" ಎಂದರು.

"ಓದ್ ಸಲ ಕಣದಲ್ಲಿ ರಾಗಿ ತೂರ್ತಿದ್ದಂಗೇ ಮಗ್ಳಿಗೆ ನೋವು ಬಂತು ಸ್ವಾಮಿ. ಮೊಗ ಉಟ್ಟಿದ್ ದಿನ್ವೇ ಓಯ್ತು."

"ಅಷ್ಟೇ ಬರಿ. ನೀನಾಗಿ ಏನೂ ಸೇರಿಸ್ಬೇಡ."

ಬರೆದೆ. ಆದರೆ ಕಾಗದಕ್ಕೆ ಇಳಿಸುವಾಗ ಅದು ತೀರ ಬೋಳಾಗಿ ಕಂಡಿತು. 'ಮಗು ತೀರಿತು' ಎಂಬುದಕ್ಕೆ ಮುಂಚೆ 'ದೈವಚಿತ್ತದಿಂದ' ಎಂದು ಸೇರಿಸಿದೆ. ತಾತನಿಗೆ ಓದಿ ಹೇಳುವಾಗ ಆ ಮಾತನ್ನು ನುಂಗಿಕೊಂಡೆ.

ಆ ಕಾಗದದೊಂದಿಗೆ ಮಗಳನ್ನು ಕರೆತರಲು ಹೋದ ಗಾಡಿ ಬೀಗರ ಉತ್ತರವನ್ನಷ್ಟೇ ಹೊತ್ತು ಬಂತು. ನಾನೇ ಓದಬೇಕಾಯಿತು: 'ಅದು ದೈವಚಿತ್ತವೆಂದು ತಾವೇ ಒಪ್ಪಿದ್ದೀರಿ. ಆ ದೈವ ಇಲ್ಲಿಯೂ ಇದೆ. ಸುಗ್ಗಿ ಮುಗಿಯಲಿ.'

"ನಾನ್ ಅಂಗ್ ಅಂದಿಲ್ವಲ್ಲ ಸ್ವಾಮಿ" ಎಂದಳು ಪುಟ್ಟಮ್ಮ.

ತಾತ ನನ್ನ ಕಡೆ ಮುಖ ತಿರುಗಿಸಿದರು. "ಆ ಮಾತು ಯಾರದು?"

"ನನ್ನದು" ಎಂದೆ.

ಅವರು ಬೈಯಲಿಲ್ಲ. ಅದೇ ಕಾಗದವನ್ನು ಆ ಒಂದು ಮಾತಿಲ್ಲದೆ ಮತ್ತೆ ಬರೆಸಿ, ಎರಡು ಸಲ ಓದಿಸಿದರು. ಪುಟ್ಟಮ್ಮ ತಾನೇ ಒಯ್ದು ಮೂಗೂರಿನ ಯಜಮಾನರ ಮುಂದೆ ಓದಿಸಿದಳಂತೆ, ಬೀಗರು ತಲೆಯೆತ್ತಲಿಲ್ಲವಂತೆ. ಮಗಳು ಬಂದಳು. ಮಗು ಕಳಲೆಯಲ್ಲಿ ಹುಟ್ಟಿ ಬದುಕಿತು. ಪುಟ್ಟಮ್ಮ ಮಾತ್ರ ಆಮೇಲೆ ನನ್ನ ಕೈಯಲ್ಲಿ ಕಾಗದ ಬರೆಸಲಿಲ್ಲ.

ಈಗ ಕಾಗದಕ್ಕೆ ಬರವಿಲ್ಲ. ನಮ್ಮ ಮನೆಯ ಕಡತವನ್ನು ಎಂದೋ ಗೆದ್ದಲು ತಿಂದಿತು. ನಾನು ಬರೆದದ್ದನ್ನು ಚೆನ್ನಾಗಿದೆ ಎನ್ನುವವರು ನಾಲ್ಕು ಜನ ಇದ್ದಾರೆ. ಈ ಮಾತು ಯಾರದು ಎಂದು ಕೇಳುವವರು ಒಬ್ಬರೂ ಉಳಿದಿಲ್ಲ.