ಅನುಭವ: ಇಲ್ಲ

ಕಳೆದ ತಿಂಗಳು ರಾಮದುರ್ಗದ ಒಂದು ಕಾಲೇಜಿನಲ್ಲಿ ನಮ್ಮ ಕಂಪನಿಗೆ ಪದವೀಧರರನ್ನು ಆರಿಸಲು ಕೂತಿದ್ದೆ. ಒಬ್ಬ ಹುಡುಗಿ ಫೈಲು ಮುಂದಿಟ್ಟಳು. ತೆರೆದ ಕೂಡಲೇ ಭಂಡಾರದ ವಾಸನೆ. ಒಳ್ಳೆಯದಾಗಲೆಂದು ಅವಳ ಅವ್ವ ಯಲ್ಲಮ್ಮನ ಅರಿಶಿನಪುಡಿಯನ್ನು ಹಾಳೆಗಳ ನಡುವೆ ಒಂದು ಚಿಟಿಕೆ ಹಾಕಿ ಕಳಿಸಿದ್ದಳಂತೆ. ನನಗೆ ಪ್ರಶ್ನೆ ಕೇಳುವುದೇ ಮರೆತುಹೋಯಿತು. ಬೈಲಹೊಂಗಲದ ನಮ್ಮ ಕಾಮರ್ಸ್ ಸರ್ ನೆನಪಾದರು...

ನಾನು ಉಗರಗೋಳದವಳು. ಯಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ನಮ್ಮದು ಭಂಡಾರ, ಕುಂಕುಮ, ಕಾಯಿ ಮಾರುವ ಅಂಗಡಿ. ಬೈಲಹೊಂಗಲದ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಓದುವಾಗ ಪ್ರತಿ ಹುಣ್ಣಿಮೆಗೂ ಊರಿಗೆ ಓಡಿ ಅಂಗಡಿಯಲ್ಲಿ ನಿಲ್ಲಬೇಕಿತ್ತು. ಗೆಳತಿಯರಿಗೆ ಮಾತ್ರ ಜ್ವರ ಬಂದಿತ್ತೆಂದು ಹೇಳುತ್ತಿದ್ದೆ. ತಿಂಗಳಿಗೊಮ್ಮೆ ತಪ್ಪದೆ ಬರುವ ಜ್ವರ!

ಒಂದು ಹುಣ್ಣಿಮೆಗೆ ಮನೆಯವರೊಂದಿಗೆ ಗುಡ್ಡಕ್ಕೆ ಬಂದ ಸರ್ ನನ್ನನ್ನು ಅಂಗಡಿಯಲ್ಲಿ ನೋಡಿಬಿಟ್ಟರು. ಮರುದಿನ ಕರೆಸಿದರು. ಬೈಗುಳಕ್ಕೆ ಸಿದ್ಧಳಾಗಿಯೇ ಹೋದೆ.

“ಯವ್ವಾ, ಎಷ್ಟ್ ಮಂದಿ ಬರತಾರಂತ ಮೊದಲ ನಿಮಗ ಹೆಂಗ ಗೊತ್ತಾಗತೈತಿ?”

“ಹೊಲದಾಗ ಸುಗ್ಗಿ ರಾಶಿ ಮುಗದಿಲ್ಲಂದ್ರ ಮಂದಿ ಕಡಿಮಿ ರೀ ಸರ್. ಅದನ್ನ ನೋಡಿ ಮಾಲು ತರಸ್ತೇವ್ರಿ.”

ಸರ್ ನಕ್ಕುಬಿಟ್ಟರು. “ಬೇಡಿಕೆಯ ಅಂದಾಜು ಅಂತ ಇದನ್ನ ನಾ ಬೋರ್ಡಿನ ಮ್ಯಾಲೆ ಬರ್ಯಾಕ ಹತ್ತೇನಿ. ನೀ ಮಾಡೇ ಬಂದೀ.”

ಅವರ ತಲೆಯಲ್ಲಿ ಒಂದೇ ಗುಂಗು. ನಿನ್ನ ಮಾಲು ಏನೆಂದು ತಿಳಿದುಕೊಂಡು ಗಿರಾಕಿಗೆ ತಿಳಿಸು ಎಂದು ವ್ಯಾಪಾರಕ್ಕೆ ಹೇಳುವ ಪಾಠ ಕಾಲೇಜಿಗೂ ಹೊಂದಬೇಕು; ನಮ್ಮ ಮಕ್ಕಳಿಗೆ ಏನು ಬರುತ್ತದೆಂದು ಮೊದಲು ನಮಗೆ ಗೊತ್ತಿರಬೇಕು, ಆಮೇಲೆ ಕಂಪನಿಗಳಿಗೆ ಗೊತ್ತಾಗಬೇಕು. ಒಬ್ಬೊಬ್ಬರನ್ನೂ ಕೂರಿಸಿಕೊಂಡು ಮನೆಯ ಕೆಲಸ ಕೇಳಿದರು. ನೇಸರಗಿಯವಳು ಹಾಲಿನ ಡೇರಿ ನೋಡಿಕೊಳ್ಳುತ್ತಿದ್ದಳು, ಕಿತ್ತೂರಿನವನು ಹೆದ್ದಾರಿಯ ಖಾನಾವಳಿಯಲ್ಲಿ ಅಪ್ಪನ ಜೊತೆ ನಿಲ್ಲುತ್ತಿದ್ದ. ಎಲ್ಲವನ್ನೂ ನಮ್ಮ ಕೆಲಸದ ಅರ್ಜಿಗಳ ಅನುಭವದ ಜಾಗದಲ್ಲಿ ಪೆನ್ಸಿಲಿನಿಂದ ಬರೆದುಕೊಟ್ಟರು. ರಜೆಯ ದಿನ ಬಸ್ಸು ಹತ್ತಿ ಹುಬ್ಬಳ್ಳಿಯ ಕಂಪನಿಗಳಿಗೆ ಅಲೆದರು. ಎರಡು ವರ್ಷ ಅಲೆದ ಮೇಲೆ ಒಂದು ಕಂಪನಿ ಬರಲು ಒಪ್ಪಿತು. ನನ್ನ ಅಂಗಡಿಯ ಸುದ್ದಿ ಕೇಳಿಯೇ ಒಪ್ಪಿದರೆಂದು ಆಮೇಲೆ ತಿಳಿಯಿತು.

ಸಂದರ್ಶನದ ಹಿಂದಿನ ದಿನ ಅರ್ಜಿಯನ್ನು ಹೊಸ ಹಾಳೆಗೆ ಇಳಿಸುವಾಗ ನನಗೆ ನಾಚಿಕೆ ತಡೆಯಲಾಗಲಿಲ್ಲ. ಟೈ ಕಟ್ಟಿದ ಸಾಹೇಬರ ಮುಂದೆ ಭಂಡಾರ ಮಾರುವವಳು ಎನ್ನುವುದೇ? ಅನುಭವದ ಮುಂದೆ “ಇಲ್ಲ” ಎಂದು ಬರೆದೆ.

ಅಧಿಕಾರಿ ಹಾಳೆ ನೋಡಿ, ಬಾಗಿಲ ಬಳಿ ಕೂತಿದ್ದ ಸರ್ ಕಡೆ ತಿರುಗಿದರು. “ಅಂಗಡಿ ನಡೆಸೋ ಹುಡುಗಿ ಇವರೇ ಅಲ್ವಾ?”

“ನಮ್ಮದ ಅಂಗಡಿ ಇಲ್ರಿ,” ಎಂದೆ ನಾನು.

ಅಧಿಕಾರಿ ನಮ್ಮ ಸರ್ ಅವರ ಮುಖ ನೋಡಿ ಸಣ್ಣಗೆ ನಕ್ಕರು. ಸರ್ ತಲೆ ತಗ್ಗಿಸಿದರು. ಆಮೇಲೆ ಬೇರೆಯವರ ಅರ್ಜಿಯಲ್ಲಿದ್ದುದನ್ನೂ ಅಧಿಕಾರಿ ನಂಬಲಿಲ್ಲ. ಅಂದು ಯಾರನ್ನೂ ಆರಿಸಲಿಲ್ಲ, ಕಂಪನಿ ಮತ್ತೆ ಬರಲಿಲ್ಲ. ಸರ್ ಹಟಮಾಡಿ ಪಡೆದಿದ್ದ ಉದ್ಯೋಗ ಮಾರ್ಗದರ್ಶನದ ಕೋಣೆಗೆ ಮುರಿದ ಬೆಂಚುಗಳು ಬಂದು ಬಿದ್ದವು.

ಅವರು ನನ್ನನ್ನು ಏನೂ ಕೇಳಲಿಲ್ಲ. ಎದುರಾದಾಗ ಮೊದಲಿನಂತೆಯೇ “ಊಟಾ ಆತೇನವ್ವಾ?” ಎನ್ನುತ್ತಿದ್ದರು. ಕಪಾಳಕ್ಕೆ ಒಂದು ಬಿಟ್ಟಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

ರಾಮದುರ್ಗದ ಹುಡುಗಿಯ ಮನೆಯ ಕೆಲಸವನ್ನು ಬಿಡಿಸಿ ಬಿಡಿಸಿ ಕೇಳಿದೆ, ಅವಳನ್ನು ಆರಿಸಿದೆ. ಅಲ್ಲಿಂದ ನೇರ ಬೈಲಹೊಂಗಲಕ್ಕೆ ಹೋದೆ. ಸರ್ ಮನೆಯ ಗೋಡೆಯ ಮೇಲೆ ಅವರ ಫೋಟೋ ಇತ್ತು, ಅದಕ್ಕೆ ಹಾರ ಹಾಕಿತ್ತು... ಅವರ ಹೆಂಡತಿಯ ಮುಂದೆ ಕೂತು ಎಲ್ಲವನ್ನೂ ಹೇಳಿ ಅತ್ತೆ.

“ಗೊತ್ತೈತಿ ತಂಗಿ,” ಎಂದರು ಅವರು. “ನಿಮ್ಮ ಸರ್, ‘ಆ ಹುಡುಗೀನ್ನ ಒಂದ ಮಾತು ಕೇಳದ ಆಕಿ ಮನಿ ಸುದ್ದಿ ಮಂದಿ ಮುಂದ ಇಟ್ಟೆ, ತಪ್ಪ ನಂದ’ ಅಂತಿದ್ರು. ಅದನ್ನ ಹೇಳಾಕಂತ ಒಮ್ಮೆ ನಿಮ್ಮ ಅಂಗಡಿ ತನಕ ಬಂದಿದ್ರು. ನೀ ಇರಲಿಲ್ಲಂತ.”

ನಾನು ಇದ್ದೆ. ಸರ್ ಬರುವುದನ್ನು ಕಂಡು, ಬೈಯಲು ಬಂದರೆಂದು ಹೆದರಿ, ಕಾಯಿಚೀಲಗಳ ಹಿಂದೆ ಅಡಗಿ ಕೂತಿದ್ದೆ. ಇಲ್ಲವೆಂದು ಹೇಳು ಎಂದು ಅವ್ವನಿಗೆ ಹೇಳಿದವಳೂ ನಾನೇ. ಸರ್ ಬಹಳ ಹೊತ್ತು ನಿಂತಿದ್ದು, ಒಂದು ಕಾಯಿ ಕೊಂಡು ಹೋಗಿದ್ದರು.

ಇದೊಂದನ್ನು ಎದುರು ಕೂತ ಆ ತಾಯಿಗೆ ಹೇಳಲು ನನ್ನಿಂದ ಆಗಲಿಲ್ಲ.