ಬಾಣಂತಿ ಕೋಣೆಯ ಸಾಂಬ್ರಾಣಿ

ಬೆಳಿಗ್ಗೆ ಹತ್ತೂಕಾಲಿಗೆ ಮಗು ಮೊದಲ ಸಲ ಕೆಮ್ಮಿತು. ನಡುಮನೆಯ ಗಡಿಯಾರವನ್ನು ಆಗತಾನೆ ನೋಡಿ ಒಳಗೆ ಬಂದಿದ್ದೆ. ಕೈಯಲ್ಲಿ ಸಾಂಬ್ರಾಣಿಯ ಡಬ್ಬಿ ಇತ್ತು.

ಮದ್ದೂರಿನ ನಮ್ಮ ಮನೆಯಲ್ಲಿ ಅಕ್ಕನ ಬಾಣಂತನ. ಮಗುವಿಗೆ ಇಪ್ಪತ್ತೆರಡು ದಿನ. ಎರಡನೆಯ ಮಹಾಯುದ್ಧದ ಕಾಲ; ನಾನು ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ ಬಂದಿದ್ದೆ. ಬಾಣಂತಿಗೆ ಗಾಳಿ ತಾಗಬಾರದೆಂದು ಇದ್ದೊಂದು ಕಿಟಕಿಗೆ ಹಳೆಯ ಸೀರೆ ತುರುಕಿ, ಅದಕ್ಕೆ ಒತ್ತಿ ರಾಗಿಯ ಚೀಲ ಪೇರಿಸಿದ್ದರು. ಎಣ್ಣೆನೀರು ಆದ ಮೇಲೆ ಮಡಕೆಯಲ್ಲಿ ಇದ್ದಿಲಿನ ಕೆಂಡ, ಕೆಂಡದ ಮೇಲೆ ಸಾಂಬ್ರಾಣಿ, ಅದರ ಮೇಲೆ ಬೋರಲು ಹಾಕಿದ ಬಿದಿರಿನ ಕುಕ್ಕೆ. ಅಕ್ಕ ಕುಕ್ಕೆಯ ಮೇಲೆ ಕೂದಲು ಹರಡಿಕೊಂಡು ಮಲಗುತ್ತಿದ್ದಳು. ನೀರು ಹಾಕುವ ಅಜ್ಜಿ ಮಗುವನ್ನು ಅಂಗೈ ಮೇಲಿಟ್ಟು ಹೊಗೆಗೆ ಹಿಡಿಯುತ್ತಿದ್ದಳು. ಆ ವಾಸನೆ ನನಗೆ ಇಷ್ಟವಾಗಿತ್ತು. ಹಸಿ ಬಟ್ಟೆ, ಹಾಲು, ಎಣ್ಣೆಯ ಕಮಟನ್ನೆಲ್ಲ ಅದು ಮುಚ್ಚುತ್ತಿತ್ತು.

“ಸೀತ ಆಗೈತೆ ಕಣಮ್ಮ. ಇನ್ನೊಂಚೂರು ಆಕು,” ಎಂದಳು ಅಜ್ಜಿ.

ಹಾಕಿದೆ. ಮಗು ಮತ್ತೆ ಕೆಮ್ಮಿತು. ಮತ್ತೊಂದು ಚಿಟಿಕೆ ಹಾಕಿದೆ. ಬಾಗಿಲ ಸಂದಿಗೆ ಗೋಣಿ ಒತ್ತು ಎಂದಳು, ಒತ್ತಿದೆ. ಕೆಮ್ಮಿದಷ್ಟೂ ಹಾಕಿದೆ.

“ತಲೆ ಭಾರ ಅಜ್ಜಿ,” ಎಂದಳು ಅಕ್ಕ.

“ಬಾಣ್ತಿ ತಲೆ ಅಗುರ ಇರೋದು ಯಾವ ಕಾಲಕ್ಕವ್ವ? ಸುಮ್ಕೆ ಮನಿಕೊ.”

ಆಮೇಲೆ ಕೆಮ್ಮು ನಿಂತಿತು. “ನೋಡ್ದಾ, ಸಾಂಬ್ರಾಣಿ ಅಂದ್ರೆ ಅಂಗೆ,” ಎಂದು ಅಜ್ಜಿ ನಕ್ಕಳು. ನಾನೂ ನಕ್ಕೆನೆಂದು ನೆನಪು. ಬಗ್ಗಿ ನೋಡಿದರೆ ಮಗುವಿನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಸೆಳೆಯುತ್ತಿತ್ತು. ಶಬ್ದವೇ ಇರಲಿಲ್ಲ.

ಮಗುವನ್ನು ಕಿತ್ತುಕೊಂಡು ಹಿತ್ತಲಿಗೆ ಬಂದೆ. ಹಿಂದೆಯೇ ಏಳಲು ಹೋದ ಅಕ್ಕ ಚೀಲಗಳ ಮೇಲೆ ಕುಸಿದಳು. “ಗಾಳಿಗೆ ತಂದ್ಯಲ್ಲೆ ಕೂಸ್ನ, ಒಳಕ್ಕೆ ತಗೊಂಡೋಗು,” ಎಂದು ಅಮ್ಮ ಹಿತ್ತಲಲ್ಲಿ ನನಗೆ ಅಡ್ಡ ನಿಂತು ತಡೆದಳು.

ಪಕ್ಕದ ಮನೆಯ ಸಾಬರು ಮೆಕ್ಯಾನಿಕ್ಕು. ಪೆಟ್ರೋಲು ಸಿಗದೆ ಇದ್ದಿಲು ಗ್ಯಾಸಿನಿಂದ ಓಡುತ್ತಿದ್ದ ಮಳವಳ್ಳಿ ಬಸ್ಸನ್ನು ನೋಡಿಕೊಳ್ಳುತ್ತಿದ್ದರು. ಅಂದು ಗೋಡೆಯಾಚೆ ಅದರ ಇದ್ದಿಲು ಉರಿಸುವ ಡ್ರಮ್ಮು ಕೆರೆಯುತ್ತಿದ್ದರು. ನನ್ನ ಕೈಯಲ್ಲಿದ್ದ ಮಗುವನ್ನು ನೋಡಿದರು.

“ಇದ್ಲು ಆಕಿ ಬಾಗ್ಲು ಮುಚ್ಚಿದ್ರಾ?”

ತಲೆಯಾಡಿಸಿದೆ.

“ಒಳ್ಗೆ ಯಾರವ್ರೆ?”

“ಅಕ್ಕ.”

ಬಾಣಂತಿ ಕೋಣೆಗೆ ಗಂಡಸರು ಕಾಲಿಡುವ ಹಾಗಿರಲಿಲ್ಲ. ಅವರು ಕೇಳಲೂ ಇಲ್ಲ. ಗೋಡೆ ಹತ್ತಿ ಸೂರಿನ ಮೇಲೆ ಹೋಗಿ ಹೆಂಚುಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟರು. ಹೊಗೆ ಆ ತೂತಿನಿಂದ ಮೇಲಕ್ಕೆ ಹೋಯಿತು. “ಡ್ರಮ್ಮು ಊದೋವಾಗ ನಾವು ಸೆಡ್ಡಿನ್ ಬಾಗ್ಲು ಮುಚ್ಚಾಕಿಲ್ಲ ಕಣಮ್ಮ,” ಎಂದು ಅಮ್ಮನಿಗೆ ಮೇಲಿನಿಂದಲೇ ಹೇಳಿದರು. ಅಮ್ಮ ತಡೆಯುವುದನ್ನು ಬಿಟ್ಟು ಒಳಗೆ ಹೋಗಿ, ಅಜ್ಜಿಯ ಜೊತೆ ಅಕ್ಕನನ್ನು ಎಳೆದುಕೊಂಡು ಬಂದಳು.

“ಮಳೆ ಬಂದ್ರೆ ನೀವೇ ಬಂದು ಕೊಡೆ ಇಡ್ಕಬೇಕು ಸಾಬ್ರೆ,” ಎಂದಳು ಅಜ್ಜಿ. ಸೆರಗಿನಿಂದ ಅಕ್ಕನ ಮುಖಕ್ಕೆ ಗಾಳಿ ಹಾಕುತ್ತಿದ್ದಳು.

ಹಿತ್ತಲಲ್ಲೇ ಮಗು ಅತ್ತಿತು.

ಇದ್ದಿಲಿನ ವಿಷಾನಿಲದ ಬಗ್ಗೆ ನಾನು ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ನಮ್ಮ ಮನೆಯ ಮಡಕೆಯಲ್ಲಿರುವುದೂ ಅದೇ ಇದ್ದಿಲು ಎಂದು ಹೊಳೆಯಲಿಲ್ಲ. ಸಾಂಬ್ರಾಣಿಯ ವಾಸನೆ ಅಷ್ಟು ಚೆನ್ನಾಗಿತ್ತು.

ಡಾಕ್ಟರು ಬಂದು ನೋಡಿದರು. ಅಕ್ಕನ ತಲೆನೋವು ಎರಡು ದಿನಕ್ಕೆ ಇಳಿಯಿತು. ಮಗುವಿನ ಎದೆಯಲ್ಲಿ ಸಿಳ್ಳೆ ಉಳಿಯಿತು. ಎಳೆಯ ಶ್ವಾಸಕೋಶ, ಹೊಗೆ ಕುಡಿದಿದೆ, ಕಾದು ನೋಡಬೇಕು ಎಂದರು. ನಾನು, ಅಕ್ಕ, ಅಮ್ಮ ಸರದಿಯ ಮೇಲೆ ಎಚ್ಚರವಿದ್ದು ಅದರ ಎದೆಯ ಮೇಲೆ ಕೈಯಿಟ್ಟುಕೊಂಡಿರುತ್ತಿದ್ದೆವು. ಕೈ ಮೇಲೇಳುವುದು, ಇಳಿಯುವುದು. ಇಳಿದಾಗಲೆಲ್ಲ ಮತ್ತೆ ಏಳುವ ತನಕ ನಾನು ಉಸಿರು ಬಿಡುತ್ತಿರಲಿಲ್ಲ.

ಅಜ್ಜಿ ನೀರು ಹಾಕಲು ದಿನವೂ ಬಂದಳು. ಕೆಂಡ ಕೇಳಲಿಲ್ಲ. ಮಗುವಿನ ತಲೆಯನ್ನು ಹಳೆಯ ಪಂಚೆಯಲ್ಲಿ ಒರೆಸಿ, ಹೆಂಚು ತೆಗೆದ ಕಡೆ ಬೀಳುವ ಬಿಸಿಲಿಗೆ ಹಿಡಿಯುತ್ತಿದ್ದಳು. ಸಾಂಬ್ರಾಣಿಯ ಡಬ್ಬಿ ಎಲ್ಲಿ ಹೋಯಿತೋ, ಯಾರೂ ಹುಡುಕಲಿಲ್ಲ.

ಅದಾದ ಹತ್ತೊಂಬತ್ತನೆಯ ದಿನ ಹನಕೆರೆ ಕಡೆಯ ಬೆಳಗಿನ ರೈಲಿನ ಕೂಗಿಗೆ ಎಚ್ಚರವಾಯಿತು. ಮುಖದ ಮೇಲೆ ಬೆಳಕು. ಸರದಿ ನನ್ನದಾಗಿತ್ತು, ನನ್ನ ಕೈ ಚಾಪೆಯ ಮೇಲೆ ಬಿದ್ದಿತ್ತು. ಅಕ್ಕ, ಅಮ್ಮ ಇಬ್ಬರೂ ನಿದ್ದೆಯಲ್ಲಿದ್ದರು. ತಿರುಗಿ ನೋಡಲು ಸ್ವಲ್ಪ ಹೊತ್ತು ಹಿಡಿಯಿತು. ಮಗು ಎಚ್ಚರವಾಗಿ, ಸಿಳ್ಳೆಯಿಲ್ಲದ ಉಸಿರಿನಲ್ಲಿ, ಸೂರಿನ ತೂತನ್ನು ನೋಡುತ್ತಿತ್ತು.